ಗಾಳಿಯೂ ಅಳೆದು ಹಾಕೋ ಸಾಮಾನೇ

ಈ ಸಲ ಹುಳಿಪುಡಿ, ಉಪ್ಪಿನಕಾಯಿ ಯಾವುದೂ ಇಲ್ಲ. ಕಾರಿನ ಚಕ್ರಕ್ಕೆ ಮನೆ ಮುಂದೇನೇ ಗಾಳಿ ತುಂಬೋ ಪುಟ್ಟ ಪಂಪಿನ ವಿಷಯ. ನಗಬೇಡಿ, ನಮ್ಮ ಗುಂಪಿನಲ್ಲಿ ಸ್ವಲ್ಪ ದಿನದಿಂದ ಇದರದ್ದೇ ಮಾತು. ಒಬ್ಬರು ಫೋಟೋ ಹಾಕಿ "ಇದು ತಗೊಳ್ಳಲಾ?" ಅಂತಾರೆ. ಇನ್ನೊಬ್ಬರು "ಅದು ಬೇಡ ಕಣೇ, ಇದು 150 ಪಿಎಸ್‌ಐ ಅಂತೆ, ಇದೇ ಗಟ್ಟಿ" ಅಂತಾರೆ. ಮೂರನೆಯವರು "ನಮ್ಮನೆಯವರನ್ನ ಕೇಳಿ ಹೇಳ್ತೀನಿ" ಅಂತಾರೆ. ಆ ಮೂರನೇ ಮಾತಿಗೋಸ್ಕರವೇ ಇದನ್ನ ಬರೀತಾ ಇದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮನೆಯಲ್ಲಿ ಕಾರು ಓಡಿಸೋ ಹೆಂಗಸಿದ್ದರೆ ಈ ಪಂಪನ್ನ ಅವಳೇ ಆರಿಸಬೇಕು, ತನ್ನ ಕೈಗೆ, ತನ್ನ ಮಂಡಿಗೆ, ತನ್ನ ಕಣ್ಣಿಗೆ ಹೊಂದೋ ಹಾಗೆ. ಆರಿಸೋವಾಗ ಅದರ ಜೋರು ನೋಡಬಾರದು, ಅಳತೆ ನೋಡಬೇಕು. ಯಾಕಂದ್ರೆ ಇದು ಮೊದಲು ಅಳತೆ ಪಾತ್ರೆ, ಆಮೇಲೆ ಪಂಪು. ಅಕ್ಕಿಗೆ ಪಾವು ಹೇಗೋ ಚಕ್ರಕ್ಕೆ ಇದು ಹಾಗೆ.

ನಮ್ಮ ಕಡೆಗೆ ಇದು ಯಾಕೆ ಬೇಕಾಯ್ತು ಅಂತ ನೋಡಿ. ರಾಜಾಜಿನಗರಕ್ಕೆ 2014ರಲ್ಲಿ ಮೆಟ್ರೋ ಬಂತು, ವಿಜಯನಗರ, ಅತ್ತಿಗುಪ್ಪೆಗೆ 2015ರಲ್ಲಿ, ಕೆಂಗೇರಿಗೆ 2021ರಲ್ಲಿ. ಆಫೀಸಿಗೆ ಹೋಗೋರು ರೈಲು ಹತ್ತಿದ್ರು, ಕಾರು ಮನೆ ಮುಂದೆ ನಿಂತಿತು. ಈಗ ಎಷ್ಟೋ ಮನೆಗಳಲ್ಲಿ ಕಾರು ಹೊರಡೋದು ವಾರಕ್ಕೊಂದು ಸಲ. ದೇವಸ್ಥಾನಕ್ಕೋ, ಮದುವೆಗೋ, ಅತ್ತೆಯವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋದಕ್ಕೋ. ಓಡದೇ ಇದ್ರೂ ಚಕ್ರದಿಂದ ಗಾಳಿ ಹೋಗ್ತಾನೇ ಇರತ್ತೆ. ಯಾವ ತೂತೂ ಇಲ್ಲದ ಒಳ್ಳೇ ಟೈರಿನಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯೋದು ಸಹಜ, ರಬ್ಬರಿನ ಮೂಲಕವೇ ನಿಧಾನಕ್ಕೆ ಹೊರಗೆ ಹೋಗತ್ತೆ. ಮೂರು ತಿಂಗಳು ಗಮನಿಸದೇ ಇದ್ದರೆ ಐದಾರು ಪಿಎಸ್‌ಐ ಕಮ್ಮಿ ಆಗಿರಬಹುದು. ಈಗಿನ ಟ್ಯೂಬ್‌ಲೆಸ್ ಟೈರು ಅಷ್ಟಕ್ಕೆಲ್ಲ ಚಪ್ಪಟೆ ಆದ ಹಾಗೆ ಕಾಣೋದಿಲ್ಲ. ಕಾಲಲ್ಲಿ ಒದ್ದು ನೋಡಿ "ಸರಿ ಇದೆ" ಅನ್ನೋದು, ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿ ಇನ್ನೂ ಎಷ್ಟು ದಿನ ಬರತ್ತೆ ಅಂತ ಹೇಳಿದ ಹಾಗೆ. ಅಂದಾಜು ಅಷ್ಟೇ.

ಸರಿ, ಎಷ್ಟು ಇರಬೇಕು? ಇದನ್ನ ಯಾರನ್ನೂ ಕೇಳೋ ಹಾಗಿಲ್ಲ. ನಿಮ್ಮ ಕಾರಿನ ಮೇಲೇ ಬರೆದಿದೆ. ಡ್ರೈವರ್ ಬಾಗಿಲು ತೆಗೆದ್ರೆ ಚೌಕಟ್ಟಿನ ಹತ್ರ ಒಂದು ಸ್ಟಿಕರ್ ಇರತ್ತೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ ಇರತ್ತೆ. ಸಾಮಾನ್ಯವಾಗಿ 30ರಿಂದ 36ರ ಒಳಗೆ. ಇಬ್ಬರು ಕೂತರೆ ಒಂದು ಸಂಖ್ಯೆ, ಐದು ಜನ ಕೂತು ಡಿಕ್ಕಿ ತುಂಬಿದ್ರೆ ಇನ್ನೊಂದು. ಹಿಂದಿನ ಚಕ್ರಕ್ಕೆ ಬೇರೆ ಇದ್ದರೂ ಇರಬಹುದು. ಟೈರಿನ ಪಕ್ಕದಲ್ಲೇ ಉಬ್ಬಕ್ಷರದಲ್ಲಿ ಒಂದು ದೊಡ್ಡ ಸಂಖ್ಯೆ ಇರತ್ತಲ್ಲ, ಅದನ್ನ ಹಾಕಬಾರದು. ಅದು ಆ ಟೈರು ತಡೆಯೋ ಗರಿಷ್ಠ, ಪಾತ್ರೆಯ ಕಂಠದ ಗೆರೆ ಇದ್ದ ಹಾಗೆ. ಅಲ್ಲಿವರೆಗೂ ಹಾಲು ತುಂಬಿ ಒಲೆ ಮೇಲೆ ಇಡ್ತೀವಾ?

ಇನ್ನೊಂದು ಗುಟ್ಟು. ಸ್ಟಿಕರ್ ಮೇಲಿನ ಸಂಖ್ಯೆ ತಣ್ಣಗಿರೋ ಚಕ್ರದ್ದು. ಅಂದ್ರೆ ಕಾರು ಮೂರು ಗಂಟೆಯಾದ್ರೂ ನಿಂತಿರಬೇಕು, ಇಲ್ಲಾ ಒಂದೆರಡು ಕಿಲೋಮೀಟರಿಗಿಂತ ಜಾಸ್ತಿ ಓಡಿರಬಾರದು. ಗಾಳಿ ಬಿಸಿ ಆದ್ರೆ ಒತ್ತಡ ಏರತ್ತೆ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ ಲೆಕ್ಕ. ನಮ್ಮೂರಲ್ಲಿ ಜನವರಿ ಬೆಳಗ್ಗೆ 16 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ. ಅದೇ ಚಕ್ರ, ಅದೇ ಗಾಳಿ, ಮೂರು ಪಿಎಸ್‌ಐ ವ್ಯತ್ಯಾಸ. ಓಡಿ ಬಂದ ಚಕ್ರ ಇನ್ನೂ ಮೂರ್ನಾಲ್ಕು ಜಾಸ್ತಿ ತೋರಿಸಬಹುದು. ಹಾಗಾಗಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋ ಹೊತ್ತು ಇದೆಯಲ್ಲ, ಅದೇ ಗಾಳಿ ನೋಡೋದಕ್ಕೂ ಸರಿಯಾದ ಹೊತ್ತು. ಒಂದು ಕಡೆ ಚಕ್ರಕ್ಕೆ ಮಾತ್ರ ಬಿಸಿಲು ಬೀಳೋ ಹೊತ್ತಲ್ಲಿ ಅಳೆದ್ರೆ ಎಡಕ್ಕೊಂದು ಬಲಕ್ಕೊಂದು ಬರತ್ತೆ.

"ಪೆಟ್ರೋಲ್ ಬಂಕಲ್ಲಿ ಗಾಳಿ ಪುಕ್ಕಟೆ, ಅದಕ್ಯಾಕೆ ಎರಡು ಸಾವಿರ ದಂಡ" ಅಂತ ಮನೇಲಿ ಯಾರಾದ್ರೂ ಅಂದೇ ಅಂತಾರೆ. ಆ ಮಾತನ್ನ ನಾನು ತಳ್ಳಿಹಾಕೋದಿಲ್ಲ. ನಿಮ್ಮ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಬಂಕ್ ಇದ್ದು, ಅಲ್ಲಿ ಸಂಖ್ಯೆ ಒತ್ತಿ ತುಂಬೋ ಡಿಜಿಟಲ್ ಯಂತ್ರ ಕೆಲಸ ಮಾಡ್ತಾ ಇದ್ದು, ಬೆಳಗ್ಗೆ ಜನ ಇಲ್ಲದ ಹೊತ್ತಲ್ಲಿ ನೀವು ಹೋಗೋದಾದ್ರೆ ಖಂಡಿತ ಪಂಪ್ ತಗೋಬೇಡಿ. ಆ ದುಡ್ಡಲ್ಲಿ ಒಂದು ಒಳ್ಳೇ ಬಾಣಲೆ ಬರತ್ತೆ. ಆದ್ರೆ ನಮ್ಮಲ್ಲಿ ಆಗೋದೇನು? ಕಾರ್ಡ್ ರೋಡಿನ ಟ್ರಾಫಿಕ್ಕಲ್ಲಿ ಅರ್ಧ ಗಂಟೆ ಓಡಿಸಿ ಬಂಕಿಗೆ ಹೋಗೋ ಹೊತ್ತಿಗೆ ಚಕ್ರ ಬಿಸಿ ಆಗಿರತ್ತೆ. ಅಲ್ಲಿ ಲೈನು. ಗಾಳಿ ಹಾಕೋ ಹುಡುಗ "ಎಷ್ಟು ಮೇಡಂ?" ಅಂತಾನೆ. ನಮಗೆ ಸಂಖ್ಯೆ ಗೊತ್ತಿಲ್ಲ ಅಂದ್ರೆ ಅವನಿಗೆ ತೋಚಿದ್ದು ಹಾಕ್ತಾನೆ. ಪಂಕ್ಚರ್ ಅಂಗಡಿಯಲ್ಲಿ ಮೀಟರೇ ನೋಡದೆ, ಟೈರನ್ನ ಕೈಯಲ್ಲಿ ತಟ್ಟಿ ಬಿಡೋರೂ ಇದಾರೆ. ತಪ್ಪು ಆ ಹುಡುಗನದ್ದು ಅಂತ ನಾನು ಹೇಳೋದಿಲ್ಲ. ದಿನಕ್ಕೆ ನೂರು ಕಾರು ನೋಡೋನಿಗೆ ನಮ್ಮ ಕಾರಿನ ಸಂಖ್ಯೆ ನೆನಪಿರಬೇಕು ಅನ್ನೋದು ನ್ಯಾಯ ಅಲ್ಲ. ನಮ್ಮ ಅಳತೆ ನಮಗೆ ಗೊತ್ತಿರಬೇಕು. ರವಿಕೆ ಹೊಲಿಸೋಕೆ ಹೋದಾಗ ಅಳತೆ ರವಿಕೆ ತಗೊಂಡು ಹೋಗ್ತೀವಲ್ವಾ?

ಒಂದೆರಡು ಪಿಎಸ್‌ಐಗೆ ಇಷ್ಟೆಲ್ಲಾ ಬೇಕಾ ಅಂತ ಅನ್ನಿಸಬಹುದು. ಊರೊಳಗೆ ಗಂಟೆಗೆ 20 ಕಿಲೋಮೀಟರ್ ಓಡಿಸೋವಾಗ ಬೇಡದೇ ಇರಬಹುದು. ಆದ್ರೆ ಕೆಂಗೇರಿ ದಾಟಿ ಮೈಸೂರು ದಶಪಥ ಹತ್ತಿದ ಮೇಲೆ ಲೆಕ್ಕ ಬೇರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಆ ರಸ್ತೆಯಲ್ಲಿ ನಾವೆಲ್ಲ ಓಡಾಡ್ತೀವಿ, ಮಕ್ಕಳನ್ನ ಕೂರಿಸ್ಕೊಂಡು, ಡಿಕ್ಕಿ ತುಂಬ ಸಾಮಾನು ಹಾಕ್ಕೊಂಡು. ಗಾಳಿ ಕಮ್ಮಿ ಇರೋ ಟೈರು ಪ್ರತಿ ಸುತ್ತಿಗೂ ಪಕ್ಕದಲ್ಲಿ ಜಾಸ್ತಿ ಮಡಿಚಿಕೊಂಡು ಬಿಚ್ಚಿಕೊಳ್ಳತ್ತೆ. ಒಂದು ತಂತಿಯನ್ನ ಹಿಂದಕ್ಕೆ ಮುಂದಕ್ಕೆ ಬಗ್ಗಿಸ್ತಾ ಇದ್ರೆ ಬಿಸಿ ಆಗಿ ಕೊನೆಗೆ ಮುರಿಯತ್ತಲ್ಲ, ಹಾಗೆ. ವೇಗ ಜಾಸ್ತಿ, ಭಾರ ಜಾಸ್ತಿ, ಬಿಸಿಲು ಜಾಸ್ತಿ, ಗಾಳಿ ಕಮ್ಮಿ. ಈ ನಾಲ್ಕೂ ಸೇರಿದಾಗ ಟೈರು ಸಿಡಿಯೋ ಅಪಾಯ. ಗಾಳಿ ವಿಪರೀತ ಜಾಸ್ತಿ ಆದ್ರೂ ಒಳ್ಳೇದಲ್ಲ. ಮಳೆಯಲ್ಲಿ ಹಿಡಿತ ಕಮ್ಮಿ, ಟೈರು ನಡುವೆ ಮಾತ್ರ ಸವೆಯತ್ತೆ, ಮಾಗಡಿ ರೋಡಿನ ಒಂದೊಂದು ಗುಂಡಿಯೂ ನೇರ ಸೊಂಟಕ್ಕೆ ಬರತ್ತೆ. ಉಪ್ಪು ಇದ್ದ ಹಾಗೆ, ಎರಡು ಕಡೆಗೂ ಕೆಡತ್ತೆ.

ಈಗ ಅಂಗಡಿಗೆ ಹೋಗೋಣ. ಬಾಷ್, ಷವೋಮಿ, ಮಿಶೆಲಿನ್, ಕ್ಯೂಬೋ, 70ಮೈ ಅಂತ ಹತ್ತಾರು ಹೆಸರಲ್ಲಿ ಪಂಪ್ ಸಿಗತ್ತೆ. ಹೆಸರು ಪಕ್ಕಕ್ಕಿಡಿ, ಜಾತಿ ಎರಡೇ. ಒಂದು, ಕಾರಿನ 12 ವೋಲ್ಟ್ ಸಾಕೆಟ್ಟಿಗೆ, ಅಂದ್ರೆ ಹಿಂದೆ ಸಿಗರೇಟ್ ಹಚ್ಚೋ ಜಾಗ ಇರ್ತಿತ್ತಲ್ಲ ಅಲ್ಲಿಗೆ, ವೈರ್ ಚುಚ್ಚಿ ಓಡಿಸೋದು. ಎರಡು, ಒಳಗೇ ಬ್ಯಾಟರಿ ಇದ್ದು ಮೊಬೈಲ್ ತರಹ ಚಾರ್ಜ್ ಮಾಡ್ಕೊಳ್ಳೋದು. ಕಾಲಲ್ಲಿ ತುಳಿಯೋ ಪಂಪೂ ಇದೆ, ಎಲ್ಲಕ್ಕಿಂತ ಅಗ್ಗ, ಕೆಡೋದೂ ಕಮ್ಮಿ. ಆದ್ರೆ ಸೀರೆ ಉಟ್ಕೊಂಡು, ಮಂಡಿ ನೋವು ಇಟ್ಕೊಂಡು ನಾಲ್ಕು ಚಕ್ರ ತುಳಿಯೋದನ್ನ ನಾನು ಯಾರಿಗೂ ಹೇಳೋದಿಲ್ಲ.

ಬ್ಯಾಟರಿಯದ್ದು ನೋಡೋಕೆ ಚೆಂದ. ಅರ್ಧ ಕೆಜಿ ಆಸುಪಾಸು ತೂಕ, ಕೈಚೀಲದಲ್ಲೂ ಹಿಡಿಯತ್ತೆ, ವೈರ್ ಎಳೆಯೋ ಕಾಟ ಇಲ್ಲ, ಸ್ಕೂಟರಿಗೂ ಆಗತ್ತೆ. ಆದ್ರೆ ಅದರ ಗುಣ ನಮ್ಮ ಮನೆಗಳ ಗುಣಕ್ಕೆ ಆಗಿಬರೋದಿಲ್ಲ ಅಂತ ನನ್ನ ಎಣಿಕೆ. ಪಂಪ್ ಬೇಕಾಗೋದು ತಿಂಗಳಿಗೆ ಒಂದು ಸಲ. ಮಧ್ಯೆ ಅದನ್ನ ಡಿಕ್ಕಿಯಲ್ಲಿ ಮರೆತು ಬಿಡ್ತೀವಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇರೋ ಧಗೆ ನಿಮಗೇ ಗೊತ್ತು. ಲಿಥಿಯಂ ಬ್ಯಾಟರಿಗೆ ಆ ಧಗೆಯೇ ಶತ್ರು, ವರ್ಷದಿಂದ ವರ್ಷಕ್ಕೆ ತಾಕತ್ತು ಕಳ್ಕೊಳ್ಳತ್ತೆ. ಸುಮ್ನೆ ಇಟ್ಟಿದ್ರೂ ಚಾರ್ಜ್ ಇಳಿಯತ್ತೆ. ರಾತ್ರಿ ಬಿಡದಿ ಹತ್ರ ಚಕ್ರ ಕೂತಾಗ ಗುಂಡಿ ಒತ್ತಿದ್ರೆ ಸದ್ದೇ ಇಲ್ಲ ಅಂದ್ರೆ ಏನು ಪ್ರಯೋಜನ? ವೈರಿನದ್ದಕ್ಕೆ ಆ ಪರದಾಟ ಇಲ್ಲ. ಕಾರಿನ ಬ್ಯಾಟರಿ ಇದ್ದರೆ ಅದೂ ಇದೆ. ಹಾಗಾಗಿ ಕಾರಿಗೆ ಅಂತ ಒಂದೇ ಒಂದು ತಗೊಳ್ಳೋದಾದ್ರೆ ವೈರಿನದ್ದೇ ತಗೊಳ್ಳಿ ಅಂತೀನಿ. ಮನೇಲಿ ಎರಡು ಸ್ಕೂಟರ್ ಇದ್ದು, ಮೊಬೈಲಿನ ಜೊತೆಗೆ ಪಂಪನ್ನೂ ಮನೆಯೊಳಗೆ ತಂದು ಚಾರ್ಜ್‌ಗೆ ಹಾಕೋ ಶಿಸ್ತು ಇರೋರು ಬ್ಯಾಟರಿಯದ್ದು ತಗೊಳ್ಳಲಿ, ನನ್ನ ತಕರಾರಿಲ್ಲ. ಆ ಶಿಸ್ತು ನಿಮಗಿದೆಯಾ ಅಂತ ನಿಮ್ಮ ಮನೆಯ ಟಾರ್ಚನ್ನ ಕೇಳಿ.

ಡಬ್ಬದ ಮೇಲೆ ದೊಡ್ಡದಾಗಿ 150 ಪಿಎಸ್‌ಐ ಅಂತ ಬರೆದಿರ್ತಾರೆ. ನಮಗೆ ಬೇಕಾಗಿರೋದು 33. ಐದು ಜನರ ಮನೆಗೆ ಕಲ್ಯಾಣ ಮಂಟಪದ ಹಂಡೆ ಯಾಕೆ? ಆ ಸಂಖ್ಯೆಯಿಂದ ಪಂಪು ಬೇಗ ತುಂಬತ್ತೆ ಅಂತಾನೂ ಅರ್ಥ ಅಲ್ಲ. ಬೇಗ ಆಗೋದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಬಿಡತ್ತೆ ಅನ್ನೋದರ ಮೇಲೆ. ಅದನ್ನ ಡಬ್ಬದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಹುಡುಕಿ ನೋಡಿ. ಒಂದು ಮನೆ ಲೆಕ್ಕ ಹೇಳ್ತೀನಿ. ಸಣ್ಣ ಕಾರಿನ ಒಂದು ಚಕ್ರದೊಳಗಿನ ಜಾಗ ಸುಮಾರು 28 ಲೀಟರ್, ನಮ್ಮ 20 ಲೀಟರಿನ ನೀರಿನ ಕ್ಯಾನಿಗಿಂತ ಸ್ವಲ್ಪ ದೊಡ್ಡದು. 25ಕ್ಕೆ ಇಳಿದಿರೋದನ್ನ 33ಕ್ಕೆ ಏರಿಸೋಕೆ ಹೊರಗಿನಿಂದ ಸುಮಾರು 15 ಲೀಟರ್ ಗಾಳಿ ಒಳಗೆ ಹೋಗಬೇಕು. ಪೂರ್ತಿ ಕೂತ ಚಕ್ರಕ್ಕೆ 60 ಲೀಟರಿನ ಮೇಲೆ. ನಿಮಿಷಕ್ಕೆ 20-25 ಲೀಟರ್ ಬಿಡೋ ಸಾಧಾರಣ ಪಂಪು ಮೊದಲನೆಯದನ್ನ ಒಂದೆರಡು ನಿಮಿಷದಲ್ಲಿ, ಎರಡನೆಯದನ್ನ ನಾಲ್ಕೈದು ನಿಮಿಷದಲ್ಲಿ ಮುಗಿಸತ್ತೆ. ನಮಗೆ ಇಷ್ಟು ಸಾಕು. ಹಾಲು ಕಾಯಿಸೋವಾಗಲೂ ಅಷ್ಟು ಹೊತ್ತು ನಿಲ್ತೀವಿ.

ಜೋರು ಜಾಸ್ತಿ ಇರೋದು ತಂದ್ರೆ ಇನ್ನೊಂದು ತೊಂದರೆ. ಕಾರಿನ ಆ ಸಾಕೆಟ್ಟಿಗೆ ಸಾಮಾನ್ಯವಾಗಿ 10 ಅಥವಾ 15 ಆಂಪ್ ಫ್ಯೂಸ್ ಇರತ್ತೆ. 12 ವೋಲ್ಟಿನಲ್ಲಿ 120 ವಾಟ್ ಪಂಪು 10 ಆಂಪ್ ಎಳೆಯತ್ತೆ, 180 ವಾಟಿಂದು 15 ಎಳೆಯತ್ತೆ. ಅದಕ್ಕಿಂತ ದೊಡ್ಡದನ್ನ ಬಾನೆಟ್ ತೆಗೆದು ಬ್ಯಾಟರಿಗೆ ಕ್ಲಿಪ್ ಹಾಕಿ ಓಡಿಸಬೇಕು. ಸುಮ್ನೆ ಚುಚ್ಚಿದ್ರೆ ಫ್ಯೂಸ್ ಹೋಗತ್ತೆ. ನಿಮ್ಮ ಕಾರಿನ ಪುಸ್ತಕದಲ್ಲಿ ಸಾಕೆಟ್ ಎಷ್ಟು ವಾಟ್ ತಡೆಯತ್ತೆ ಅಂತ ಬರೆದಿರತ್ತೆ, ಅದನ್ನ ನೋಡ್ಕೊಂಡೇ ಹೋಗಿ. ಮನೆಯ ಗೋಡೆ ಪ್ಲಗ್ಗಿಗೆ ಸಣ್ಣ ಅಡಾಪ್ಟರ್ ಹಾಕಿ ಓಡಿಸೋ ಯೋಚನೆಯೂ ಬೇಡ. ಎರಡು ಆಂಪ್ ಕೊಡೋ ಅಡಾಪ್ಟರಿಂದ 10 ಆಂಪ್ ಬರೋದಿಲ್ಲ.

ಎಲ್ಲಕ್ಕಿಂತ ಮುಖ್ಯ ಮೀಟರ್. ಮುಳ್ಳಿನ ಮೀಟರ್ ಇರೋದು ಅಗ್ಗ. ಆದ್ರೆ ರೂಪಾಯಿ ಅಗಲದ ಬಿಲ್ಲೆಯಲ್ಲಿ ಸೊನ್ನೆಯಿಂದ 150ರವರೆಗೂ ಗೆರೆ ತುರುಕಿದ್ರೆ 30ಕ್ಕೂ 33ಕ್ಕೂ ಮಧ್ಯೆ ಏನು ಕಾಣತ್ತೆ? ಚಾಳೀಸು ಬಂದ ನಮ್ಮಂಥೋರಿಗಂತೂ ಆಗೋದೇ ಇಲ್ಲ. ಡಿಜಿಟಲ್ ಇರಲಿ, ಅಂಕಿ ದಪ್ಪ ಇರಲಿ, ಕತ್ತಲಲ್ಲೂ ಬೆಳಕು ಬರಲಿ. ಬೇಕಾದ ಸಂಖ್ಯೆ ಇಟ್ಟರೆ ತಾನಾಗೇ ನಿಲ್ಲೋ ಸೌಕರ್ಯ ಇರಲೇಬೇಕು, ಅದಿಲ್ಲದಿದ್ರೆ ನಾಲ್ಕೈದು ನೂರು ಉಳಿದ್ರೂ ನಾನು ತಗೊಳ್ಳೋದಿಲ್ಲ. ಕುಕ್ಕರ್ ಸೀಟಿ ಎಣಿಸೋದು ಸಾಕು, ಚಕ್ರದ ಮುಂದೆಯೂ ಎಣಿಸ್ತಾ ಕೂರೋಕಾಗಲ್ಲ. ಒಂದು ವಿಷಯ ಗಮನದಲ್ಲಿರಲಿ. ಪರದೆಯಲ್ಲಿ ಪಿಎಸ್‌ಐ ಇದೆಯಾ, ಬಾರ್ ಇದೆಯಾ, ಕೆಪಿಎ ಇದೆಯಾ ಅಂತ ಮೊದಲು ನೋಡಬೇಕು. 33 ಪಿಎಸ್‌ಐ ಅಂದ್ರೆ 2.3 ಬಾರ್, 228 ಕೆಪಿಎ. ಸೇರು ಪಾವು ಕಲೆಸಿದ್ರೆ ಅನ್ನ ಕೆಡೋ ಹಾಗೆ ಇಲ್ಲೂ ಕೆಡತ್ತೆ. ಪಂಪು ಓಡೋವಾಗ ತೋರಿಸೋ ಸಂಖ್ಯೆ ಸ್ವಲ್ಪ ಹೆಚ್ಚಿರೋದೂ ಉಂಟು. ನಿಂತ ಮೇಲೆ ತೋರಿಸೋದೇ ನಿಜ. ಕೆಲವು ನೂರು ರೂಪಾಯಿಗೆ ಬರೋ ಬೇರೆ ಗೇಜ್ ಒಂದಿದ್ದರೆ ಎರಡನ್ನೂ ಹೋಲಿಸಿ ನೋಡಬಹುದು. ನಮ್ಮ ಪಂಪು ಒಂದು ಜಾಸ್ತಿ ತೋರಿಸತ್ತೆ ಅಂತ ಗೊತ್ತಾದ್ರೆ ಮುಗೀತು, ಮುಂದಕ್ಕೆ ಒಂದು ಸೇರಿಸಿ ಇಟ್ಕೊಳ್ಳೋದು.

ಆಮೇಲೆ ನಮ್ಮ ಕೈಗೆ ಸಂಬಂಧಪಟ್ಟದ್ದು. ಇದನ್ನ ಯಾವ ಜಾಹೀರಾತಲ್ಲೂ ಹೇಳೋದಿಲ್ಲ. ವೈರ್ ಹಿಂದಿನ ಚಕ್ರದವರೆಗೂ ಬರಬೇಕು, ಅದೂ ಸಾಕೆಟ್ ಇರೋ ಕಡೆಯ ಎದುರು ಮೂಲೆಗೆ. ಮೂರು ಮೀಟರಿಗಿಂತ ಕಮ್ಮಿ ಇದ್ರೆ ಕಷ್ಟ. ವಾಲ್ವಿಗೆ ಕೂರಿಸೋ ತುದಿ ತಿರುಪೋದು ಒಂದು ತರಹ, ಚಿಮಟದ ಹಾಗೆ ಒತ್ತಿ ಹಿಡಿಸೋದು ಇನ್ನೊಂದು. ತಿರುಪೋದು ಭದ್ರ, ಆದ್ರೆ ಬಿಚ್ಚೋವಾಗ ಬುಸ್ ಅಂತ ಸ್ವಲ್ಪ ಗಾಳಿ ಹೋಗತ್ತೆ, ಅಷ್ಟೊತ್ತಿಗೆ ಆ ಹಿತ್ತಾಳೆ ತುದಿ ಸುಡ್ತಾ ಇರತ್ತೆ. ಮಸಿಬಟ್ಟೆ ಒಂದು ಜೊತೆಗಿರಲಿ. ಬೆರಳಲ್ಲಿ ಬಲ ಕಮ್ಮಿ ಇರೋರು, ಸಂಧಿವಾತ ಇರೋರು ಅಂಗಡಿಯಲ್ಲೇ ಎರಡೂ ತರಹದ್ದನ್ನ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರೋದು ಬೇಡ, ಒಂದು ಮಣೆ ಹಾಕ್ಕೊಳ್ಳಿ. ಸೆರಗು ಸಿಕ್ಕಿಸ್ಕೊಳ್ಳಿ. ಸದ್ದು ಮಾತ್ರ ಮಿಕ್ಸಿಗೆ ಕಮ್ಮಿ ಇಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಬೆಳಗ್ಗೆ ಐದೂವರೆಗೆ ಶುರು ಮಾಡಿ ಮೇಲಿನ ಮನೆಯವರ ಬಾಯಿಗೆ ಬೀಳಬೇಡಿ. ಮಿಕ್ಸಿ ಬಿಸಿ ಆದ್ರೆ ನಿಲ್ಲಿಸೋ ಹಾಗೆ ಇದನ್ನೂ ನಿಲ್ಲಿಸಬೇಕು. ಎಷ್ಟು ನಿಮಿಷ ಓಡಿಸಬಹುದು ಅಂತ ಡಬ್ಬದ ಮೇಲೆ ಇರತ್ತೆ. ಹೆಚ್ಚು ಹೊತ್ತು ಓಡಿಸೋದಾದ್ರೆ ಎಂಜಿನ್ ಚಾಲೂ ಇರಲಿ, ಆದ್ರೆ ಅದು ಬಯಲಲ್ಲಿ ಮಾತ್ರ. ಮುಚ್ಚಿದ ಗ್ಯಾರೇಜಲ್ಲಿ, ಬೇಸ್‌ಮೆಂಟಲ್ಲಿ ಎಂಜಿನ್ ಹೊಗೆ ಪ್ರಾಣಕ್ಕೇ ಅಪಾಯ.

ಕಾರಿಗೂ ಸ್ಕೂಟರಿಗೂ ವಾಲ್ವ್ ಒಂದೇ ತರಹ. ಸ್ಕೂಟರಿನ ಚಕ್ರ ಸಣ್ಣದು, ಕ್ಷಣಮಾತ್ರದಲ್ಲಿ ತುಂಬಿಹೋಗತ್ತೆ, ಮುಂದಿನದಕ್ಕೂ ಹಿಂದಿನದಕ್ಕೂ ಅಳತೆ ಬೇರೆ. ಸಂಖ್ಯೆ ಇಟ್ಟೇ ಗುಂಡಿ ಒತ್ತಿ. "ನೈಟ್ರೋಜನ್ ಹಾಕಿಸಿದೀವಿ, ಮಾಮೂಲಿ ಗಾಳಿ ಸೇರಿಸಬಹುದಾ?" ಅಂತ ಕೇಳಿದೋರಿಗೆ ಇಲ್ಲೇ ಉತ್ತರ. ಧಾರಾಳವಾಗಿ ಸೇರಿಸಬಹುದು. ನಾವು ಉಸಿರಾಡೋ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ.

ಪಂಪಿನಿಂದ ಏನಾಗಲ್ಲ ಅಂತಲೂ ತಿಳ್ಕೊಂಡಿರಬೇಕು. ಪಂಪು ಪಂಕ್ಚರ್ ಹಾಕೋದಿಲ್ಲ. ಮೊಳೆ ಚುಚ್ಚಿ ನಿಧಾನಕ್ಕೆ ಗಾಳಿ ಹೋಗ್ತಾ ಇದ್ರೆ ಮೊಳೆ ಕೀಳಬೇಡಿ, ಗಾಳಿ ತುಂಬ್ಕೊಂಡು ನಿಧಾನಕ್ಕೆ ಹತ್ತಿರದ ಅಂಗಡಿ ಸೇರ್ಕೊಳ್ಳಿ. ಟೈರಿನ ಪಕ್ಕ ಹರಿದಿದ್ರೆ, ಅಥವಾ ಗಾಳಿ ಪೂರ್ತಿ ಹೋದ ಮೇಲೂ ಸ್ವಲ್ಪ ದೂರ ಓಡಿಸಿಬಿಟ್ಟಿದ್ರೆ, ಅದಕ್ಕೆ ಮತ್ತೆ ಗಾಳಿ ತುಂಬಿ ಓಡಿಸೋ ಸಾಹಸ ಬೇಡ, ಒಳಗೆ ಹಾಳಾಗಿರತ್ತೆ. ದಶಪಥದಲ್ಲಿ ಆದ್ರೆ ಗಾಡಿಗಳು ಓಡೋ ಕಡೆಯ ಚಕ್ರದ ಹತ್ರ ಕೂರಲೇಬೇಡಿ. ಎಡಕ್ಕೆ ತಂದು, ತ್ರಿಕೋನ ಇಟ್ಟು, ಎಲ್ಲರನ್ನೂ ಇಳಿಸಿ ತಡೆಬೇಲಿ ಆಚೆ ನಿಲ್ಲಿಸಿ 1033ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಎರಡು ಸಾವಿರದ ಪಂಪಿಗೋಸ್ಕರ ಧೈರ್ಯ ತೋರಿಸೋ ಜಾಗ ಅಲ್ಲ ಅದು.

ಸ್ಟೆಪ್ನಿ ಇದೆಯಲ್ಲ ಅಂತೀರಿ. ಎಲ್ಲಾ ಕಾರಲ್ಲೂ ಇರತ್ತೆ ಅಂತ ತಿಳ್ಕೋಬೇಡಿ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದುಪಡಿ ಮಾಡ್ತು. ಟ್ಯೂಬ್‌ಲೆಸ್ ಟೈರು, ಗಾಳಿ ಕಮ್ಮಿ ಆದ್ರೆ ತಿಳಿಸೋ ವ್ಯವಸ್ಥೆ, ಪಂಕ್ಚರ್ ಕಿಟ್ ಮೂರೂ ಕೊಟ್ಟರೆ ಸ್ಟೆಪ್ನಿ ಇಲ್ಲದೇ ಕಾರು ಮಾರಬಹುದು ಅಂತ. ಹೊಸ ಕಾರು ತಗೊಂಡೋರು ಡಿಕ್ಕಿ ಚಾಪೆ ಎತ್ತಿ ಒಂದು ಸಲ ನೋಡಿಬಿಡಿ. ಇದ್ರೆ ಅದರ ಗಾಳಿಯನ್ನೂ ಅಳೆಯಿರಿ. ಅವಸರಕ್ಕೆ ಅಂತ ಇರೋದು ಅವಸರದಲ್ಲೇ ಕೈ ಕೊಡೋದು ಜಾಸ್ತಿ. ಸಪೂರ ಸ್ಟೆಪ್ನಿ ಆದ್ರೆ ಸಾಮಾನ್ಯವಾಗಿ ಅದರ ಮೇಲೆ 60 ಪಿಎಸ್‌ಐ ಅಂತ ಬರೆದಿರತ್ತೆ, ಬೇರೆ ಚಕ್ರದ ಅಳತೆ ಅದಕ್ಕೆ ಹಾಕಬೇಡಿ. ಅಂದ ಹಾಗೆ ಈ ಸ್ಟೆಪ್ನಿ ಅನ್ನೋ ಪದ ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯದ್ದು. 1904ರ ಹೊತ್ತಿಗೆ ಅಲ್ಲಿ ಮಾಡಿದ ಹೆಚ್ಚುವರಿ ಚಕ್ರಕ್ಕೆ ಆ ಹೆಸರು ಬಂತು. ಇಂಗ್ಲಿಷಿನೋರು ಅದನ್ನ ಮರೆತ್ರೂ ನಮ್ಮ ಪಂಕ್ಚರ್ ಅಂಗಡಿಯೋರು ಬಿಟ್ಟಿಲ್ಲ.

ಈಗ ಶುರುವಿನಲ್ಲಿ ಹೇಳಿದ ಮೂರನೇ ಮಾತು. ಮನೆಯವರನ್ನ ಕೇಳೋದು ತಪ್ಪಲ್ಲ. ಆದ್ರೆ "ನನಗೆ ಅದೆಲ್ಲ ಗೊತ್ತಾಗಲ್ಲ" ಅಂತ ಕೇಳೋದು ಬೇರೆ, "ನಾನು ಇದನ್ನ ಆರಿಸಿದೀನಿ, ನೀವೇನಂತೀರಿ" ಅಂತ ಕೇಳೋದು ಬೇರೆ. ಚಕ್ರಕ್ಕೆ ಗಾಳಿ ತುಂಬೋದು ಗಂಡಸರ ಕೆಲಸ ಅಂತ ಯಾರು ಬರೆದಿಟ್ಟಿದಾರೆ? ಗಾಳಿ ಟೈರು ಜನಪ್ರಿಯ ಆಗಿದ್ದೇ ಮನೆಯ ಮಗುವಿಗೋಸ್ಕರ. 1888ರಲ್ಲಿ ಬೆಲ್‌ಫಾಸ್ಟ್ ಊರಿನ ದನದ ಡಾಕ್ಟರ್ ಡನ್‌ಲಪ್, ಮಗನ ಮೂರುಗಾಲಿ ಸೈಕಲ್ ಕುಲುಕದೇ ಇರಲಿ ಅಂತ ಮಾಡಿದ ಟೈರಿಗೆ ಪೇಟೆಂಟ್ ತಗೊಂಡ್ರು. ಅದೇ ವರ್ಷ ಜರ್ಮನಿಯಲ್ಲಿ ಬರ್ತಾ ಬೆಂಜ್ ಅನ್ನೋ ಹೆಂಗಸು ಗಂಡನಿಗೆ ಹೇಳದೇ, ಅವನೇ ಮಾಡಿದ ಕಾರಲ್ಲಿ ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ನೂರು ಕಿಲೋಮೀಟರಿನಷ್ಟು ದೂರದ ತವರಿಗೆ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿಂದ ಬಿಡಿಸಿದಳು. ಕಾರಿನಲ್ಲಿ ಅಷ್ಟು ದೂರ ಪ್ರಯಾಣ ಮಾಡಿದ ಮೊದಲಿಗಳೂ ಅವಳೇ, ದಾರಿಯಲ್ಲಿ ರಿಪೇರಿ ಮಾಡ್ಕೊಂಡ ಮೊದಲಿಗಳೂ ಅವಳೇ. ನಮಗೆ ಒಂದು ಗುಂಡಿ ಒತ್ತೋಕೆ ಏನು ಸಂಕೋಚ?

ಗ್ಯಾಸ್ ಟ್ಯೂಬ್ ಯಾವಾಗ ಬದಲಾಯಿಸಬೇಕು, ಕುಕ್ಕರಿನ ಗ್ಯಾಸ್ಕೆಟ್ ಯಾವಾಗ ಸಡಿಲ ಆಯ್ತು, ಸಂಪಲ್ಲಿ ನೀರು ಎಷ್ಟಿದೆ, ಎಲ್ಲ ನಮಗೆ ಗೊತ್ತು. ಅದೂ ಒತ್ತಡವೇ, ಇದೂ ಒತ್ತಡವೇ. ಮಕ್ಕಳನ್ನ ಕೂರಿಸಿಕೊಂಡು ಓಡಿಸೋಳು ನಾನು ಅಂದ ಮೇಲೆ ಆ ನಾಲ್ಕು ಚಕ್ರದ ಲೆಕ್ಕವೂ ನನ್ನ ಹತ್ರ ಇರಬೇಕು. ಪಂಪಿನ ನಿಜವಾದ ಉಪಯೋಗ ಅದೇ ಅಂತ ನನ್ನ ನಂಬಿಕೆ. ಗಾಳಿ ತುಂಬೋದಕ್ಕಿಂತ ಹೆಚ್ಚಾಗಿ, ಪ್ರತಿ ತಿಂಗಳು ನಾಲ್ಕೂ ಚಕ್ರದ ಪಕ್ಕ ಒಂದೊಂದು ನಿಮಿಷ ಕೂರಿಸತ್ತೆ. ಕೂತಾಗ ಮೊಳೆ ಕಾಣತ್ತೆ, ಬಿರುಕು ಕಾಣತ್ತೆ, ಒಂದು ಕಡೆ ಸವೆದಿರೋದು ಕಾಣತ್ತೆ. ಮೂರು ಚಕ್ರ ಒಂದು ಪಿಎಸ್‌ಐ ಇಳಿದು ಒಂದೇ ಒಂದು ಐದು ಇಳಿದಿದ್ರೆ ಅಲ್ಲೇ ಏನೋ ಇದೆ ಅಂತ ಗೊತ್ತಾಗತ್ತೆ. ಸೋಪಿನ ನೀರು ಹಚ್ಚಿ ಗುಳ್ಳೆ ಬರತ್ತಾ ನೋಡಬಹುದು.

ಎಲ್ಲರೂ ಒಂದೊಂದು ತಗೊಳ್ಳಿ ಅಂತಲೂ ನಾನು ಹೇಳ್ತಿಲ್ಲ. ನಾಲ್ಕು ಮನೆಯ ಕಟ್ಟಡಕ್ಕೆ ಒಂದು ಸಾಕು. ಹಬ್ಬಕ್ಕೆ ದೊಡ್ಡ ಇಡ್ಲಿ ಪಾತ್ರೆ, ಮಾಳಿಗೆ ಹತ್ತೋಕೆ ಏಣಿ ಇಸ್ಕೊಳ್ಳೋ ಹಾಗೆ ಇದನ್ನೂ ಇಸ್ಕೊಳ್ಳಬಹುದು. ಒಂದೂವರೆ ಸಾವಿರದಿಂದ ಮೂರೂವರೆ ಸಾವಿರದ ಒಳಗೆ ಒಳ್ಳೇದೇ ಬರತ್ತೆ, ಹಂಚಿಕೊಂಡ್ರೆ ಒಬ್ಬೊಬ್ಬರಿಗೆ ಒಂದು ಸಲದ ತರಕಾರಿ ಖರ್ಚು. ವಾರಂಟಿ ಇರೋದು, ಬಿಲ್ ಕೊಡೋದು ತಗೊಳ್ಳಿ. ತಂದ ದಿನವೇ ನಾಲ್ಕೂ ಚಕ್ರಕ್ಕೆ ಹಾಕಿ ನೋಡಿ, ಸರಿ ಇಲ್ಲ ಅಂದ್ರೆ ವಾಪಸ್ ಕೊಡೋ ದಿನ ದಾಟೋ ಮುಂಚೆ ಕೊಡಿ.

ನಾಳೆ ಬೆಳಗ್ಗೆ ಪಂಪು ಇಲ್ಲದಿದ್ರೂ ಒಂದು ಕೆಲಸ ಮಾಡಿ. ಡ್ರೈವರ್ ಬಾಗಿಲು ತೆಗೆದು ಆ ಸ್ಟಿಕರ್ ಓದಿ. ಎರಡು ಸಂಖ್ಯೆಯನ್ನೂ, ಇಬ್ಬರು ಕೂತಾಗಿನದ್ದು, ಎಲ್ಲರೂ ಕೂತಾಗಿನದ್ದು, ಕ್ಯಾಲೆಂಡರಿನ ಮೂಲೆಯಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ. ಯಾವ ಪಂಪು ತಗೊಂಡ್ರೂ, ತಗೊಳ್ಳದೇ ಇದ್ರೂ, ಮುಂದಿನ ಸಲ ಯಾರಾದ್ರೂ "ಎಷ್ಟು ಮೇಡಂ?" ಅಂತ ಕೇಳಿದಾಗ ಹಿಂದೆ ಕೂತೋರ ಮುಖ ನೋಡದೇ ನೀವೇ ಹೇಳಬಹುದು.